ಫ್ರೀಲಾನ್ಸ್ ಕೆಲಸಕ್ಕೆ ಎಂಥ ಪ್ರಪೋಸಲ್ ಬರೆದರೆ ಗಿರಾಕಿ ಒಪ್ಪುತ್ತಾರೆ?

ಕೊಪ್ಪಳದಲ್ಲಿ ಕೂತು ಪ್ರಪೋಸಲ್ ಮೇಲೆ ಪ್ರಪೋಸಲ್ ಕಳಿಸಿದರೂ ಉತ್ತರ ಬರುತ್ತಿಲ್ಲ, ಒಳ್ಳೆ ಟೆಂಪ್ಲೇಟ್ ಇದ್ದರೆ ಕೊಡಿ, ಇಲ್ಲ ಅಂದ್ರೆ ರೇಟ್ ಇಳಿಸಲಾ ಎಂದು ಕೇಳಿದ್ದೀರಿ. ನಾನು ಗಂಗಾವತಿಯವನು. ರೈಸ್ ಮಿಲ್ಲುಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಮಾಡಿಕೊಡುತ್ತೇನೆ. ಶುರುವಿನಲ್ಲಿ ನಾನೂ ಟೆಂಪ್ಲೇಟ್ ಹುಡುಕಿಕೊಂಡೇ ಅಲೆದವನು. ಅದರಿಂದಲೇ ಒಂದು ದೊಡ್ಡ ಕೆಲಸ ಕೈತಪ್ಪಿತು.

2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 5% ಜಿಎಸ್‌ಟಿ ಬಂತು ನೋಡಿ, ಆಗಿನ ಮಾತು. ತೆರಿಗೆ ಇದ್ದದ್ದು 25 ಕೆ.ಜಿ.ವರೆಗಿನ ಚೀಲಕ್ಕೆ ಮಾತ್ರ. ಹಾಗಾಗಿ ಎಷ್ಟೋ ಮಿಲ್ಲಿನವರು 26 ಕೆ.ಜಿ. ಚೀಲ ಶುರು ಮಾಡಿದರು. ಕಾರಟಗಿ ಕಡೆಯ ಒಬ್ಬ ಮಿಲ್ಲಿನ ಸಾಹುಕಾರರು ನನ್ನನ್ನು ಕರೆಸಿದರು. ಚಹಾ ತರಿಸಿ, ಮೊದಲು ಹೇಳಿದ್ದೇ ಇದು: "ತಮ್ಮಾ, ಚೀಲ ಈಗ ಇಪ್ಪತ್ತಾರು ಮಾಡಾಕತ್ತೀವಿ. ಹಳೇ ಬಿಲ್ಲಿನ್ಯಾಗ ಅದು ಕುಂದ್ರವಲ್ದು."

ನಾನು ತಲೆ ಆಡಿಸಿದೆ. ನೋಟ್‌ಬುಕ್ಕಿನಲ್ಲಿ '26' ಎಂದು ಬರೆದೂ ಕೊಂಡೆ. ಆದರೆ ಪ್ರಪೋಸಲ್ ಹಿಂದಿನ ರಾತ್ರಿಯೇ ರೆಡಿ ಆಗಿತ್ತು. ಮನೆಗೆ ಬಂದು ಮಿಲ್ಲಿನ ಹೆಸರು ಹಾಕಿ, ಪಿಡಿಎಫ್ ಮಾಡಿ ಕಳಿಸಿಬಿಟ್ಟೆ. ಅದರಲ್ಲಿ ನನ್ನ ಪರಿಚಯ, ನನ್ನ ಅನುಭವ, ಯಾವ ಡೇಟಾಬೇಸ್, ಯಾವ ಸರ್ವರ್, ಎಲ್ಲಾ ಇತ್ತು. 26 ಕೆ.ಜಿ. ಅನ್ನುವ ಮಾತು ಎಲ್ಲೂ ಇರಲಿಲ್ಲ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇಲ್ಲೇ ಎಡವುತ್ತಿದ್ದೀರಿ ಅನ್ನಿಸುತ್ತದೆ. ಸಾಹುಕಾರರ ಹಳೆ ಪ್ರೋಗ್ರಾಮಿನಲ್ಲಿ ಒಂದು ಚೀಲ ಅಂದ್ರೆ 25 ಕೆ.ಜಿ. ಎಂದು ಒಳಗೇ ಕೂತುಬಿಟ್ಟಿತ್ತು. ಗೋಡೌನಿನಲ್ಲಿ ಹಳೇ 25ರ ಚೀಲವೂ ಇತ್ತು, ಹೊಸ 26ರದ್ದೂ ಇತ್ತು. ಒಂದಕ್ಕೆ ತೆರಿಗೆ ಉಂಟು, ಇನ್ನೊಂದಕ್ಕೆ ಇಲ್ಲ. ಅಕ್ಕಿ ಮಾತ್ರ ಅದೇ ಸೋನಾಮಸೂರಿ. 100 ಚೀಲ ಲೋಡ್ ಆದರೆ ತೂಕದಲ್ಲಿ 100 ಕೆ.ಜಿ. ವ್ಯತ್ಯಾಸ, ಅಂದರೆ ಒಂದು ಲಾರಿ ಹೋಗುವಷ್ಟರಲ್ಲಿ ಸ್ಟಾಕ್ ಪುಸ್ತಕ ತಾಳೆ ಆಗಲ್ಲ. ಅವರಿಗೆ ನಿದ್ದೆ ಕೆಡಿಸಿದ್ದು ಇದು. ನಾನು ಅದನ್ನು ಚಹಾ ಕುಡಿಯುವಾಗಿನ ಮಾತು ಅಂದುಕೊಂಡೆ. ಕೆಲಸದ ವಿವರ ಅದೇ ಆಗಿತ್ತು.

ಕೆಲಸ ಸಿಂಧನೂರಿನ ಒಬ್ಬ ಹುಡುಗನಿಗೆ ಹೋಯಿತು. ಆಮೇಲೆ ಮಿಲ್ಲಿನ ಗುಮಾಸ್ತರು ಅವನ ಪ್ರಪೋಸಲ್ ತೋರಿಸಿದರು. ಒಂದೇ ಹಾಳೆ. ಮೊದಲ ಸಾಲಿನಲ್ಲೇ 25 ಮತ್ತು 26ರ ಚೀಲಕ್ಕೆ ಬೇರೆ ಬೇರೆ ಐಟಂ, ಬೇರೆ ತೆರಿಗೆ ಎಂದಿತ್ತು. ಎರಡನೇ ಸಾಲಿನಲ್ಲಿ, ಭತ್ತವನ್ನು ಕ್ವಿಂಟಲ್ ಬದಲು ನಮ್ಮ ಕಡೆಯ 75 ಕೆ.ಜಿ. ಚೀಲದಲ್ಲೇ ತೋರಿಸುತ್ತೇನೆ ಎಂದಿತ್ತು. ನುಚ್ಚು, ತವುಡಿನ ಲೆಕ್ಕ ಬೇರೆ. ಸುಗ್ಗಿಯ ಭತ್ತ ಮಿಲ್ಲಿಗೆ ಬರುವ ಮೊದಲೇ ಮುಗಿಸುತ್ತೇನೆ ಎಂದು ತಾರೀಖೂ ಹಾಕಿದ್ದ. ಅವನ ರೇಟ್ ನನಗಿಂತ ಜಾಸ್ತಿ ಇತ್ತು.

ಅದಕ್ಕೇ ರೇಟ್ ಇಳಿಸಬೇಡಿ ಎನ್ನುತ್ತೇನೆ. ರೇಟ್ ಕಡಿಮೆ ಮಾಡಿದರೆ ಗಿರಾಕಿಗೆ ನಿಮ್ಮ ಮೇಲೆ ನಂಬಿಕೆ ಬರಲ್ಲ, ಅನುಮಾನ ಬರುತ್ತದೆ. ಟೆಂಪ್ಲೇಟನ್ನೂ ಕೇಳಬೇಡಿ. ಎಲ್ಲರಿಗೂ ಹೊಂದುವಂತೆ ಬರೆದದ್ದು ಯಾರ ತೊಂದರೆಯನ್ನೂ ಹೇಳಲ್ಲ, ಅಲ್ವಾ?

ಈಗ ನಾನು ಮಿಲ್ಲಿಗೆ ಹೋಗುವಾಗ ಖಾಲಿ ಹಾಳೆ ಒಯ್ಯುತ್ತೇನೆ. ಅವರ ಹಳೇ ಬಿಲ್ ಒಂದನ್ನು ಕೇಳಿ ಫೋಟೋ ತೆಗೆದುಕೊಳ್ಳುತ್ತೇನೆ. ಗುಮಾಸ್ತರ ಪಕ್ಕ ಸ್ವಲ್ಪ ಹೊತ್ತು ಕೂರುತ್ತೇನೆ. ಎಲ್ಲಿ ಅವರು ಪೆನ್ನು ತೆಗೆದು ಬಿಲ್ಲಿನ ಮೇಲೆ ತಿದ್ದುತ್ತಾರೋ, ನನ್ನ ಪ್ರಪೋಸಲ್ಲಿನ ಮೊದಲ ಸಾಲು ಅಲ್ಲಿಂದ ಬರುತ್ತದೆ. ಆಮೇಲೆ ಏನು ಮಾಡಿಕೊಡುತ್ತೇನೆ, ಯಾವತ್ತಿಗೆ, ಹಣ ಎಷ್ಟು ಕಂತಿನಲ್ಲಿ. ಇದರಲ್ಲಿ ಸೇರದ ಕೆಲಸ ಯಾವುದು ಎಂದು ಬರೆಯುವುದನ್ನು ಮಾತ್ರ ಮರೆಯಬೇಡಿ. ತೂಕದ ಯಂತ್ರಕ್ಕೆ ಜೋಡಿಸುವುದು, ಹಳೇ ಲೆಕ್ಕ ತುಂಬಿಸುವುದು, ಇವು ಸುಮ್ನೆ ತಲೆ ಮೇಲೆ ಬಂದು ಕೂರುತ್ತವೆ. ನನ್ನ ಪರಿಚಯಕ್ಕೆ ಕೊನೆಯಲ್ಲಿ ಎರಡು ಸಾಲು ಸಾಕು.

ಆನ್‌ಲೈನಿನಲ್ಲಿ ಫ್ರೀಲಾನ್ಸ್ ಕೆಲಸ ಸಿಗುವ ಅಪ್‌ವರ್ಕ್‌ನಂಥ ಕಡೆ ಗಿರಾಕಿಯ ಮುಖ ಕಾಣಲ್ಲ, ಅಲ್ಲಿ ಹೇಗೆ ಎನ್ನಬಹುದು. ಅಲ್ಲೂ ಪ್ರಪೋಸಲ್ ಕಳಿಸಲು ಕನೆಕ್ಟ್ಸ್ ಎಂಬ ಟೋಕನ್‌ಗಳು ಖರ್ಚಾಗುತ್ತವೆ, ಅದು ದುಡ್ಡೇ. ಕಂಡ ಕಂಡ ಕೆಲಸಕ್ಕೆ ಕಳಿಸಬೇಡಿ. ಅವರು ಹಾಕಿದ ವಿವರವನ್ನು ಕೊನೆಯವರೆಗೂ ಓದಿ, ಜೊತೆಗೆ ಕೊಟ್ಟ ಫೈಲ್ ತೆರೆಯಿರಿ. ವೆಬ್‌ಸೈಟ್ ಇದ್ದರೆ ಮೊಬೈಲಿನಲ್ಲಿ ನೋಡಿ. ಅಲ್ಲಿ ಕಂಡ ಒಂದು ತೊಂದರೆಯಿಂದಲೇ ಶುರು ಮಾಡಿ. ಬಂದ ಪ್ರಪೋಸಲ್‌ಗಳ ಪಟ್ಟಿಯಲ್ಲಿ ಅವರ ಕಣ್ಣಿಗೆ ಮೊದಲು ಬೀಳುವುದು ನಿಮ್ಮ ಆರಂಭದ ಸಾಲುಗಳಷ್ಟೇ. ಅಲ್ಲಿ ನಮಸ್ಕಾರ, ನನಗೆ ಇಷ್ಟು ವರ್ಷದ ಅನುಭವ ಎಂದು ತುಂಬಿಸಿದರೆ ಮುಂದಿನದನ್ನು ಯಾರು ತೆರೆಯುತ್ತಾರೆ?

ನೀವು ಈಚೆಗೆ ಕಳಿಸಿದ ಪ್ರಪೋಸಲ್ ತೆಗೆದು, ಗಿರಾಕಿಯ ಹೆಸರು ಅಳಿಸಿ ಕೆಳಗೆ ಹಾಕಿ. ಅವರು ಏನು ಕೇಳಿದ್ದರು ಎಂಬುದನ್ನೂ ಜೊತೆಗೆ ಹಾಕಿ. ಮೊದಲ ಸಾಲು ಹೇಗಿರಬೇಕಿತ್ತು ಎಂದು ಕೂತು ನೋಡಿ ಹೇಳುತ್ತೇನೆ.