ಊರಂಚಿನ ಕಾಡಿಗೆ ಸ್ವಯಂಸೇವಕರನ್ನು ಉಳಿಸಿಕೊಳ್ಳುವುದು ಹೇಗೆ?

ವನಮಹೋತ್ಸವಕ್ಕೆ ಇನ್ನೂರು ಜನ ಬರುತ್ತಾರೆ, ಆಗಸ್ಟ್ ಹೊತ್ತಿಗೆ ಯಾರೂ ಇರುವುದಿಲ್ಲ, ಅವರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಉಳಿಸಿಕೊಳ್ಳುವ ಗೋಜಿಗೇ ಹೋಗಬೇಡಿ. ನಮ್ಮ ತಾಲ್ಲೂಕು ಕೇಂದ್ರದ ಹಿಂದಿನ ಗುಡ್ಡದಲ್ಲಿಯೂ ಇಂಥದೇ ಒಂದು ಕುರುಚಲು ಕಾಡಿದೆ, ಅದು ಕೆಟ್ಟದ್ದು ಜನ ಹೆಚ್ಚಾಗಿಯೇ.

ಕಮರ, ದಿಂಡಿಗ, ಕಕ್ಕೆ ಮರಗಳ ನಡುವೆ ಲಂಟಾನ ಎಂಬ ಹೊರದೇಶದ ಕಳೆಪೊದೆ ಎದೆಮಟ್ಟಕ್ಕೆ ಬೆಳೆದಿತ್ತು. ಮುಂಗಾರಿಗೆ ಮುಂಚಿನ ಒಂದು ಭಾನುವಾರ ಕಾಲೇಜು ಹುಡುಗರು, ನಿವೃತ್ತ ನೌಕರರು, ಅಂಗಡಿಯವರು ಎಲ್ಲರೂ ಮಚ್ಚು ಹಿಡಿದು ಅದನ್ನು ಸವರಿ ಹಾಕಿದೆವು. ಸಂಜೆಗೆ ಗುಡ್ಡ ಕ್ಷೌರ ಮಾಡಿಸಿಕೊಂಡಂತೆ ಕಾಣುತ್ತಿತ್ತು. ಆ ಕೆಲಸಕ್ಕೆ ನಾನೇ ಮುಂದಾಳಾಗಿದ್ದೆನಾದ್ದರಿಂದ ಎಲ್ಲಿ ಎಡವಿದೆವೆಂಬುದನ್ನು ವಿವರವಾಗಿಯೇ ಹೇಳುತ್ತೇನೆ. ಲಂಟಾನವನ್ನು ನೆಲದ ಮೇಲೆ ಎಷ್ಟು ಗಿಡ್ಡವಾಗಿ ಕಡಿದರೂ ಅದು ಸಾಯುವುದಿಲ್ಲ. ಕಾಂಡವು ಬೇರಿಗೆ ಕೂಡುವ ಗಂಟಿನಿಂದ ಮತ್ತೆ ಚಿಗುರಿ, ಒಂದು ಕಾಂಡವಿದ್ದಲ್ಲಿ ಹಲವು ಏಳುತ್ತವೆ. ಬಯಲಾದ ನೆಲಕ್ಕೆ ಬಿಸಿಲು ಬಿದ್ದದ್ದೇ ತಡ, ಪಿಕಳಾರ ಹಕ್ಕಿಗಳು ಉದುರಿಸಿದ್ದ ಬೀಜಗಳೂ ಮೊದಲ ಮಳೆಗೆ ಮೊಳೆಯುತ್ತವೆ. ಇನ್ನು ಆ ಪೊದೆಗಳ ಮರೆಯಲ್ಲಿ ದನಕರುಗಳ ಬಾಯಿಗೆ ಸಿಗದೆ ಬೆಳೆಯುತ್ತಿದ್ದ ಕಾರೆ, ಕವಳಿ, ಕಮರದ ಎಳೆಗಿಡಗಳನ್ನು ಗುರುತಿಸಬಲ್ಲವರು ನಮ್ಮ ಗುಂಪಿನಲ್ಲಿ ಇರಲಿಲ್ಲವಾದ್ದರಿಂದ, ಕಾಡು ತಾನಾಗಿಯೇ ಬೆಳೆಸಿಕೊಂಡಿದ್ದ ಸಸಿಗಳೂ ಮಚ್ಚಿಗೆ ಹೋದವು. ಮುಂದಿನ ಬೇಸಿಗೆಗೆ ಲಂಟಾನ ಮೊದಲಿಗಿಂತ ದಟ್ಟವಾಗಿತ್ತು, ನಾವು ಜುಲೈಯಲ್ಲಿ ನೆಟ್ಟ ಹೊಂಗೆ, ಬೇವು ಅದರಡಿ ಹುಡುಕಿದರೂ ಸಿಗಲಿಲ್ಲ.

ದಾರಿ ತೋರಿಸಿದವರು ಅಲ್ಲಿಯೇ ಮೇಕೆ ಮೇಯಿಸುತ್ತಿದ್ದ ಒಬ್ಬ ಅಜ್ಜಿ. ಅವರನ್ನು ಕಾಡಿಗೆ ಬಿಡಬಾರದೆಂದೇ ನಾವು ಬೇಲಿಯ ಮಾತಾಡುತ್ತಿದ್ದೆವು! "ಹಿಂಗ್ ಕೊಚ್ಚಿದ್ರೆ ಇದು ಹೋಗಾಕಿಲ್ಲ ಕಣಪ್ಪ, ಬುಡ ತೆಗೀಬೇಕು" ಎಂದು ಪಿಕಾಸಿಯಿಂದ ಮಣ್ಣು ಕೆರೆದು, ಗಂಟಿಗಿಂತ ಕೆಳಗೆ ತಾಯಿಬೇರನ್ನು ಕಡಿದು, ಇಡೀ ಪೊದೆಯನ್ನು ಬೇರು ಮೇಲಾಗಿ ಮಗುಚಿಟ್ಟರು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿದ ವಿಧಾನವೂ ಹೆಚ್ಚುಕಡಿಮೆ ಇದೇ ಎಂದು ಆಮೇಲೆ ತಿಳಿಯಿತು.

ಆದ್ದರಿಂದ ನಿಮಗೆ ಬೇಕಾದವರು ವಾರಕ್ಕೊಮ್ಮೆ ತಪ್ಪದೆ ಬರುವ ಏಳೆಂಟು ಜನ, ಅವರಲ್ಲಿ ಅರ್ಧದಷ್ಟಾದರೂ ಮೇಕೆ ಕಾಯುವವರು, ಸೌದೆ ಆಯುವವರು ಇರಬೇಕು, ಅವರ ಕೂಲಿ ತಪ್ಪುವುದಾದರೆ ಅದನ್ನು ಕೊಡಲೇಬೇಕು. ಕಾಡು ಅರಣ್ಯ ಇಲಾಖೆಯದಾದರೆ ಒಂದು ಕಡ್ಡಿ ಅಲ್ಲಾಡಿಸುವ ಮೊದಲು ವಲಯ ಅರಣ್ಯಾಧಿಕಾರಿಯ ಒಪ್ಪಿಗೆ ಪಡೆಯಿರಿ. ಪುರಸಭೆಯದಾದರೆ, 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನಂತೆ ಅಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಡತದಿಂದ ಹೊರಬಂದಿದೆಯೇ ವಿಚಾರಿಸಿ, ಊರಿನ ಗಿಡಮರ, ಪ್ರಾಣಿಪಕ್ಷಿ, ಅವುಗಳ ಬಗೆಗಿನ ಜನರ ತಿಳಿವಳಿಕೆಯನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಆ ಅಜ್ಜಿಯಂಥವರನ್ನು ಕೂರಿಸಿಕೊಂಡೇ ಬರೆಸಿ.

ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದಂತೆ ನಿಮ್ಮ ಕಾಡಿಗೂ ಘೋಷಣೆ ಬೇಕೆಂದಿದ್ದೀರಿ. ಆಗಬಾರದೆಂದಲ್ಲ, ಆದರೆ ಅದು ಆಮೇಲಿನ ಮಾತು. ಈ ವರ್ಷ ಸಸಿ ನೆಡುವ ಕಾರ್ಯಕ್ರಮವನ್ನು ಕೈಬಿಟ್ಟು, ಶಾಮಿಯಾನದ ದುಡ್ಡಿನಲ್ಲಿ ಪಿಕಾಸಿ, ದಪ್ಪ ಕೈಗವಸು ಕೊಂಡು, ಲಂಟಾನ ಕಾಯಿ ಕಟ್ಟುವ ಮೊದಲೇ ಒಂದು ಮೂಲೆಯಿಂದ ಕೆಲಸ ಶುರುಮಾಡಿ.