ಸಿಂಧನೂರಿನ ಹೋಟೆಲಿಗೆ ಮೊದಲು ರೊಟ್ಟಿ ಅಕ್ಕ, ಆಮೇಲೆ ಮೆನು

ನಮಸ್ಕಾರ. ಕುಂದಾಪುರದಿಂದ ಬಂದು ಸಿಂಧನೂರಿನಲ್ಲಿ ಹೋಟೆಲ್ ಹಿಡಿದಿರುವ ತಮ್ಮನವರು ಗುಂಪಿನಲ್ಲಿ ಕೇಳಿದ್ದು ನೋಡಿದೆ. ಬೆಳಗಿನ ಇಡ್ಲಿ, ವಡೆ, ದೋಸೆ ಚೆನ್ನಾಗಿ ಹೋಗುತ್ತಿದೆ, ಮಧ್ಯಾಹ್ನ ಊಟಕ್ಕೆ ಬಂದವರು ಮಾತ್ರ ಮತ್ತೆ ಬರುತ್ತಿಲ್ಲ. ರೊಟ್ಟಿ ಮಾಡುವವರು ನಿಲ್ಲುತ್ತಿಲ್ಲ. ಬಿಸಿಲಿಗೆ ಹಿಟ್ಟು ಹುಳಿ ಬರುತ್ತಿದೆ. ಮನೆಯವರಿಗೆ ಇಲ್ಲಿನ ಊಟ ಇನ್ನೂ ಹಿಡಿಸಿಲ್ಲ. ಇಷ್ಟು ಅಲ್ವಾ?

ನಾನೂ ಆ ಕಡೆಯವಳೇ. ಮದುವೆಯಾದ ಮೇಲೆ ಗಂಗಾವತಿಗೆ ಬಂದು ಗಂಡ ಹೆಂಡತಿ ಇಬ್ಬರೂ ಹೋಟೆಲ್ ನಡೆಸುತ್ತಿದ್ದೇವೆ. ಹಾಗಾಗಿ ಗೊತ್ತಿರುವುದನ್ನೆಲ್ಲ ಬರೆಯುತ್ತೇನೆ. ಉದ್ದವಾಗುತ್ತದೆ, ಪುರಸೊತ್ತಿನಲ್ಲಿ ಓದಿ.

ಮೊದಲು ಮಧ್ಯಾಹ್ನದ ಊಟದ ವಿಷಯ. ನೀವು ಹಾಕಿದ ಫೋಟೋ ನೋಡಿದೆ. ಅನ್ನ, ತೆಂಗಿನಕಾಯಿ ಹಾಕಿದ ಸಾಂಬಾರ್, ಕೋಸಿನ ಪಲ್ಯ, ಹಪ್ಪಳ, ಪಾಯಸ. ಊರಲ್ಲಾದರೆ ಒಳ್ಳೆಯ ಊಟ. ಇಲ್ಲಿಯವರಿಗೆ ಅದು ಸೀ ಸೀ ಅನಿಸುತ್ತದೆ. ಬೆಲ್ಲ, ಕಾಯಿ ಎರಡೂ ಬಿದ್ದ ಸಾಂಬಾರನ್ನು ಒಂದು ತುತ್ತು ತಿಂದು ಬದಿಗಿಡುತ್ತಾರೆ. ಬಾಯಿ ಬಿಟ್ಟು ಏನೂ ಹೇಳುವುದಿಲ್ಲ, ನಾಳೆ ಬರುವುದಿಲ್ಲ ಅಷ್ಟೇ. ನಮ್ಮ ಕಡೆ ತೆಂಗಿನಕಾಯಿ ಮಾಡುವ ಕೆಲಸವನ್ನು ಇಲ್ಲಿ ಶೇಂಗಾ, ಗುರೆಳ್ಳು (ನಮ್ಮ ಕಡೆಯ ಹುಚ್ಚೆಳ್ಳು), ಪುಟಾಣಿ (ಹುರಿಗಡಲೆ) ಮಾಡುತ್ತವೆ. ಪಲ್ಯ ಗಟ್ಟಿಯಾಗುವುದೂ ಇವುಗಳಿಂದ, ರುಚಿ ಬರುವುದೂ ಇವುಗಳಿಂದ. ಇಲ್ಲಿ ತೆಂಗಿನಕಾಯಿ ದುಬಾರಿ ಬೇರೆ. ಸಾಂಬಾರಿಗೆ ಕಾಯಿ ನಿಲ್ಲಿಸಿ, ಬೆಲ್ಲ ನಿಲ್ಲಿಸಿ, ಬಳ್ಳೊಳ್ಳಿ ಜಾಸ್ತಿ ಮಾಡಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಇರಲಿ, ಖಾರಕ್ಕೆ ಗುಂಟೂರು ಸೇರಿಸಿ.

ಇನ್ನೊಂದು ವಿಷಯ. ಸಿಂಧನೂರು ಒಂದೇ ಊಟದ ಊರಲ್ಲ. 1953ರಲ್ಲಿ ತುಂಗಭದ್ರಾ ಡ್ಯಾಮ್ ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಇಲ್ಲಿ ಜಮೀನು ಕೊಂಡು ಕ್ಯಾಂಪ್ ಕಟ್ಟಿಕೊಂಡರು. ಅವರದು ಅನ್ನ, ಪಪ್ಪು (ಬೇಳೆ), ಆವಕಾಯಿ (ಮಾವಿನ ಉಪ್ಪಿನಕಾಯಿ). ನಿಮ್ಮ ತಾಲೂಕಿನ ಆರ್‌ಎಚ್ ಕ್ಯಾಂಪುಗಳಲ್ಲಿ, ಅಂದರೆ ಪುನರ್ವಸತಿ ಕ್ಯಾಂಪುಗಳಲ್ಲಿ, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಅವರದು ಅನ್ನ, ಮೀನು. ಮಸ್ಕಿ, ಲಿಂಗಸುಗೂರು, ಕುಷ್ಟಗಿ ಕಡೆಯ ಒಣ ಬೇಸಾಯದವರು ಕೋರ್ಟಿಗೋ, ಆಸ್ಪತ್ರೆಗೋ, ಸಂತೆಗೋ ಬರುತ್ತಾರೆ. ಅವರಿಗೆ ಜೋಳದ ರೊಟ್ಟಿ ಇಲ್ಲದಿದ್ದರೆ ಊಟ ಮಾಡಿದ ಹಾಗೇ ಅಲ್ಲ. ಈ ಮೂವರೂ ನಿಮ್ಮ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅದಕ್ಕೇ ಇಲ್ಲಿನ ಖಾನಾವಳಿ ತಟ್ಟೆಯಲ್ಲಿ ಮೊದಲು ರೊಟ್ಟಿ, ಆಮೇಲೆ ಅನ್ನ. ಎರಡು ರೊಟ್ಟಿ, ಒಂದು ಎಣ್ಣೆಗಾಯಿ, ಒಂದು ಕಾಳಿನ ಪಲ್ಯ, ಚಟ್ನಿ ಪುಡಿ, ಗಟ್ಟಿ ಮೊಸರು, ಅನ್ನ, ಬೇಳೆ ಸಾರು. ಇದರ ಜೊತೆಗೆ ಹಸಿ ಸೊಪ್ಪು ತರಕಾರಿ ಬೇಕೇ ಬೇಕು. ಹೆಚ್ಚಿದ ಉಳ್ಳಾಗಡ್ಡಿ, ಸೌತೆಕಾಯಿ, ಮೂಲಂಗಿ, ಎಳೆ ಮೆಂತ್ಯ ಸೊಪ್ಪು, ಸಿಕ್ಕಾಗ ಹಕ್ಕರಕಿ ಸೊಪ್ಪು. ಇದಕ್ಕೆ ಖರ್ಚು ತೀರಾ ಕಡಿಮೆ. ಇದಿಲ್ಲದ ತಟ್ಟೆ ಮಾತ್ರ ಇಲ್ಲಿಯವರ ಕಣ್ಣಿಗೆ ಖಾಲಿಯಾಗಿ ಕಾಣುತ್ತದೆ.

ಈಗ ರೊಟ್ಟಿ. ನೀವು ಅಡುಗೆ ಭಟ್ಟರನ್ನು ಊರಿಂದ ಕರೆಸಿ, ರೊಟ್ಟಿಗೆ ಮಾತ್ರ ಇಲ್ಲಿಯ ಹೆಂಗಸರನ್ನು ದಿನಗೂಲಿಗೆ ಕರೆಯುತ್ತಿದ್ದೀರಿ. ಅವರು ಯಾಕೆ ನಿಲ್ಲುತ್ತಿಲ್ಲ ಅಂದರೆ, ಅಡುಗೆಮನೆಯಲ್ಲಿ ಅವರ ಮಾತಿಗೆ ಜಾಗವಿಲ್ಲ. ಇಲ್ಲಿ ಮಧ್ಯಾಹ್ನದ ಹೋಟೆಲ್ ನಿಲ್ಲುವುದು ರೊಟ್ಟಿ ಅಕ್ಕನ ಮೇಲೆ. ನನ್ನ ಖಚಿತ ಅಭಿಪ್ರಾಯ ಇದು: ಮೊದಲು ಒಳ್ಳೆಯ ಒಬ್ಬ ಅಕ್ಕನನ್ನು ಹುಡುಕಿ, ತಿಂಗಳ ಸಂಬಳಕ್ಕೆ ಇಟ್ಟುಕೊಳ್ಳಿ. ಪಲ್ಯ, ಚಟ್ನಿ, ಖಾರ ಎಲ್ಲದರಲ್ಲೂ ಅವರು ಹೇಳಿದ್ದನ್ನು ಭಟ್ಟರು ಕೇಳಬೇಕು. ಕೈಗೆ ಇನ್ನೊಬ್ಬರನ್ನು ಕೊಡಿ, ಹಿಟ್ಟು ನಾದುವವರು ಬೇರೆ, ಬಡಿಯುವವರು ಬೇರೆ ಇರಲಿ. ಮಧ್ಯಾಹ್ನ ಒಲೆಯ ಮುಂದೆ ಅವರ ಬೆನ್ನಿಗೆ ಗಾಳಿ ಬರುವ ಹಾಗೆ ಫ್ಯಾನ್ ಹಾಕಿಸಿ. ಎಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುತ್ತದೆ, ಹಂಚಿನ ಮುಂದೆ ಎಷ್ಟಿರಬಹುದು ನೋಡಿ. ಅಮಾವಾಸ್ಯೆ, ಹುಣ್ಣಿಮೆ, ಅವರ ಊರ ಜಾತ್ರೆಗೆ ರಜೆ ಕೇಳುತ್ತಾರೆ. ಕೊಡಿ. ಆ ದಿನಕ್ಕೆ ಖಡಕ್ ರೊಟ್ಟಿ ತಂದಿಡಿ. ಸ್ವಸಹಾಯ ಸಂಘದ ಹೆಂಗಸರು ಮಾಡಿ ಮಾರುತ್ತಾರೆ, ಒಣ ಜಾಗದಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.

ರೊಟ್ಟಿ ಹರಿಯುತ್ತದೆ ಅಂತ ಬರೆದಿದ್ದೀರಿ. ಅದು ಕೈಯ ತಪ್ಪಲ್ಲ, ಹಿಟ್ಟಿನ ತಪ್ಪು. ಜೋಳದ ಹಿಟ್ಟು ಹಳೆಯದಾದರೆ ಜಿಗಟು ಹೋಗುತ್ತದೆ. ಪ್ಯಾಕೆಟ್ ಹಿಟ್ಟು ಬಿಡಿ. ಹಿಂಗಾರಿ ಬಿಳಿ ಜೋಳ, ಮಾಲ್ದಂಡಿ ಸಿಕ್ಕರೆ ಅದೇ, ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಕೊಳ್ಳಿ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮಾರುಕಟ್ಟೆಗೆ ಬರುತ್ತದೆ. ಚೆನ್ನಾಗಿ ಒಣಗಿಸಿ ಬೇವಿನ ಎಲೆ ಹಾಕಿ ಚೀಲ ಕಟ್ಟಿಡಿ. ಎರಡು ಮೂರು ದಿನಕ್ಕೆ ಬೇಕಾಗುವಷ್ಟು ಮಾತ್ರ ಗಿರಣಿಗೆ ಕಳಿಸಿ. ಹಿಟ್ಟಿನ ನಡುವೆ ಗುಳಿ ಮಾಡಿ ಕುದಿಯುವ ಎಸರು ಹಾಕಬೇಕು, ಸ್ವಲ್ಪ ಹೊತ್ತು ಮುಚ್ಚಿಟ್ಟು ಆಮೇಲೆ ನಾದಬೇಕು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ ತಕ್ಷಣ ಮೇಲೆ ಒದ್ದೆ ಬಟ್ಟೆ ಆಡಿಸುತ್ತಾರೆ. ಆ ನೀರು ಆರುವುದರೊಳಗೆ ತಿರುವಿದರೆ ಉಬ್ಬುತ್ತದೆ, ತಡವಾದರೆ ಬಿರುಕು ಬಿಡುತ್ತದೆ. ನಿಮ್ಮ ಭಟ್ಟರು ಒಂದು ದಿನ ಪಕ್ಕದಲ್ಲಿ ನಿಂತು ನೋಡಲಿ.

ಪುಂಡಿ ಪಲ್ಯವನ್ನು ವಾರಕ್ಕೆ ಎರಡು ಸಲವಾದರೂ ಮಾಡಿ. ಕ್ಯಾಂಪಿನವರು ಗೋಂಗೂರ ಅನ್ನುವುದೂ ಇದೇ ಸೊಪ್ಪು. ಹಾಗಾಗಿ ರೊಟ್ಟಿಯವರೂ ತಿನ್ನುತ್ತಾರೆ, ಅನ್ನದವರೂ ತಿನ್ನುತ್ತಾರೆ. ಸೊಪ್ಪು ಬೇಯಿಸಿ, ಹುಳಿ ಜಾಸ್ತಿ ಇದ್ದರೆ ಮೊದಲ ನೀರು ಚೆಲ್ಲಿ. ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ ಸೇರಿಸಿ ಬೇಯಿಸಿ, ಚೆನ್ನಾಗಿ ಮಸೆಯಿರಿ. ಮೇಲೆ ಜಜ್ಜಿದ ಬಳ್ಳೊಳ್ಳಿಯ ಒಗ್ಗರಣೆ, ಎಣ್ಣೆಗೆ ಕೈ ಹಿಡಿಯಬೇಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ರುಚಿ ಕೆಡುತ್ತದೆ. ಹೊತ್ತು ಕಳೆದಷ್ಟೂ ರುಚಿ ಹೆಚ್ಚುವ ಪಲ್ಯ ಇದು, ಬೆಳಿಗ್ಗೆಯೇ ಮಾಡಿಟ್ಟುಬಿಡಬಹುದು.

ಬೆಳಗಿನ ತಿಂಡಿಗೆ ಇಡ್ಲಿ ದೋಸೆ ಸಾಕು ಅಂದುಕೊಳ್ಳಬೇಡಿ. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಬೆಳಿಗ್ಗೆ ಒಗ್ಗರಣೆ ಮಿರ್ಚಿ ಇಲ್ಲದಿದ್ದರೆ ಅರ್ಧ ಗಿರಾಕಿ ಎದುರಿನ ಬಂಡಿಗೆ ಹೋಗುತ್ತಾರೆ. ಒಗ್ಗರಣೆ ಅಂದರೆ ಇಲ್ಲಿ ಮಂಡಾಳಿನ (ಮಂಡಕ್ಕಿಯ) ತಿಂಡಿ. ಮಂಡಾಳನ್ನು ನೀರಿಗೆ ಹಾಕಿ ಒಂದು ಸಲ ಮುಳುಗಿಸಿ ತಕ್ಷಣ ಹಿಂಡಿ ತೆಗೆಯಬೇಕು, ನೆನೆಯಲು ಬಿಟ್ಟರೆ ಮುದ್ದೆಯಾಗುತ್ತದೆ. ಬಾಣಲೆಯಲ್ಲಿ ಸಾಸಿವೆ, ಕರಿಬೇವು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ, ಟೊಮೆಟೊ ಬಾಡಿಸಿ ಮಂಡಾಳು ಹಾಕಿ ಕೈಯಾಡಿಸಿ. ಇಳಿಸುವ ಮುಂಚೆ ಪುಟಾಣಿ ಹಿಟ್ಟು ಉದುರಿಸಿ, ಅದೇ ಇದರ ಜೀವ. ಅದು ಉಳಿದ ತೇವವನ್ನೆಲ್ಲ ಹೀರಿಕೊಂಡು ಮಂಡಾಳು ಬಿಡಿಬಿಡಿಯಾಗುತ್ತದೆ. ನಿಂಬೆಹಣ್ಣು ಕೊನೆಗೆ. ಸ್ವಲ್ಪ ಸ್ವಲ್ಪವೇ ಮಾಡಿ, ಬಿಸಿ ಆರಿದರೆ ಯಾರೂ ಮುಟ್ಟುವುದಿಲ್ಲ. ಮಿರ್ಚಿಗೆ ದಪ್ಪ ಬಜ್ಜಿ ಮೆಣಸಿನಕಾಯಿ ಸೀಳಿ ಒಳಗೆ ಹುಣಸೆಹಣ್ಣು, ಉಪ್ಪು, ಅಜವಾನ ಅರೆದು ಸವರಿ. ಆ ಹುಳಿ ಇಲ್ಲದ ಮಿರ್ಚಿಯನ್ನು ಇಲ್ಲಿಯವರು ಒಂದೇ ಕಚ್ಚಿಗೆ ಗುರುತಿಸುತ್ತಾರೆ. ಈ ಭಾಗದಲ್ಲಿ ಮಿರ್ಚಿಗೆ ಎಷ್ಟು ಮರ್ಯಾದೆ ಅಂತ ನೋಡಬೇಕಾದರೆ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಬನ್ನಿ. ಊರೂರಿನಿಂದ ಹೆಂಗಸರು ಮಾಡಿ ಕಳಿಸಿದ ರೊಟ್ಟಿ ರಾಶಿ ರಾಶಿ ಇರುತ್ತದೆ, ದಾಸೋಹದಲ್ಲಿ ಮಿರ್ಚಿಯನ್ನೂ ಬಡಿಸುತ್ತಾರೆ. ಹೋಟೆಲಿನವರು ನೋಡಲೇಬೇಕಾದ ಅಡುಗೆಮನೆ ಅದು.

ಇಡ್ಲಿ ಹಿಟ್ಟಿಗೆ ಬರುತ್ತೇನೆ. ಊರಿನಲ್ಲಿ ಸಂಜೆ ರುಬ್ಬಿಟ್ಟರೆ ಬೆಳಿಗ್ಗೆ ಸರಿ ಇರುತ್ತದೆ. ಇಲ್ಲಿ ಬೇಸಿಗೆಯಲ್ಲಿ ಹಾಗೆ ಮಾಡಿದರೆ ನಡುರಾತ್ರಿಗೇ ಉಕ್ಕಿ ಹುಳಿಯಾಗಿರುತ್ತದೆ. ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ರುಬ್ಬಿ. ರುಬ್ಬಲು ಫ್ರಿಜ್ಜಿನ ನೀರು ಹಾಕಿ, ಗ್ರೈಂಡರ್ ಬಿಸಿಯಾಗಲು ಬಿಡಬೇಡಿ. ಮೆಂತ್ಯ ಕಡಿಮೆ ಮಾಡಿ. ಬೆಳಿಗ್ಗೆ ಒಂಬತ್ತರ ಮೇಲಿನ ವ್ಯಾಪಾರಕ್ಕೆ ಬೇಕಾದ ಹಿಟ್ಟನ್ನು ಉಬ್ಬಿದ ಕೂಡಲೇ ಫ್ರಿಜ್ಜಿಗೆ ಎತ್ತಿಡಿ. ಚಳಿಗಾಲದಲ್ಲಿ ಮತ್ತೆ ಸಂಜೆಗೇ ರುಬ್ಬಬೇಕು.

ಅಕ್ಕಿಯನ್ನು ಹೊರಗಿನಿಂದ ತರಿಸುವ ಅಗತ್ಯವೇ ಇಲ್ಲ, ನೀವಿರುವುದು ಸೋನಾಮಸೂರಿ ಕಣಜದಲ್ಲಿ. ಆದರೆ ಗಿರಣಿಯಲ್ಲಿ ಹೊಸ ಅಕ್ಕಿಯೋ ಹಳೆಯದೋ ಕೇಳಿ ತನ್ನಿ. ಹೊಸ ಅಕ್ಕಿ ಊಟಕ್ಕೆ ಮುದ್ದೆಯಾಗುತ್ತದೆ. ಹಳೆಯದು ತುಸು ದುಬಾರಿ, ಅನ್ನ ಬಿಡಿಬಿಡಿಯಾಗುತ್ತದೆ, ಒಂದು ಸೇರಿಗೆ ಅನ್ನವೂ ಜಾಸ್ತಿ ಆಗುತ್ತದೆ. ಲೆಕ್ಕ ಹಾಕಿದರೆ ಹಳೆಯದೇ ಲಾಭ.

ನೀರಿನ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಬೋರ್‌ವೆಲ್ ನೀರು ಗಡಸು, ಬೇಳೆ ಬೇಯುವುದಿಲ್ಲ, ಚಹಾ ಕೆಡುತ್ತದೆ. ಅಡುಗೆಗೂ ಚಹಾಕ್ಕೂ ಶುದ್ಧೀಕರಿಸಿದ ನೀರನ್ನೇ ಬಳಸಿ. ಇನ್ನೊಂದು ನೀರು ಕಾಲುವೆಯದು. ನಿಮ್ಮ ಗಲ್ಲಾ ಅದರ ಮೇಲೆ ನಿಂತಿದೆ. ನಾಟಿ, ಕಟಾವು, ಗಿರಣಿ, ಲಾರಿ, ಹಮಾಲರು, ಎಲ್ಲ ಗಿರಾಕಿಗಳೂ ಭತ್ತದ ಹಿಂದೆ ಬರುತ್ತಾರೆ. ನವೆಂಬರ್, ಡಿಸೆಂಬರ್ ಕಟಾವಿನಲ್ಲಿ ಕೈ ತುಂಬ ಕೆಲಸ. ಎರಡನೇ ಬೆಳೆಗೆ ನೀರು ಸಿಕ್ಕರೆ ಬೇಸಿಗೆಯಲ್ಲೂ ಅದೇ ಗದ್ದಲ, ಸಿಗದಿದ್ದರೆ ಬಜಾರೇ ತಣ್ಣಗಾಗುತ್ತದೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗ ಇಲ್ಲಿ ರೈತರಷ್ಟೇ ಅಂಗಡಿಯವರೂ ನಿದ್ದೆಗೆಟ್ಟಿದ್ದರು. ನೀರಾವರಿ ಸಲಹಾ ಸಮಿತಿ ಸಭೆಯ ಸುದ್ದಿಯನ್ನು ತಪ್ಪದೆ ಓದಿ. ಎರಡನೇ ಬೆಳೆಗೆ ನೀರಿಲ್ಲ ಅಂದರೆ ಆ ತಿಂಗಳುಗಳಿಗೆ ಹೊಸ ಆಳು, ಹೊಸ ಪಾತ್ರೆ, ಸಾಲ ಯಾವುದೂ ಬೇಡ.

ಉದ್ರಿ ಕೇಳುತ್ತಾರೆ, ಸುಗ್ಗಿಗೆ ಕೊಡುತ್ತೇವೆ ಅನ್ನುತ್ತಾರೆ. ಬಹಳ ಜನ ಕೊಡುತ್ತಾರೆ ಕೂಡ. ಆದರೆ ಹೊಸಬರು ನೀವು, ಯಾರು ಯಾರ ಮಗ ಅಂತ ಗೊತ್ತಾಗುವವರೆಗೆ ಬೇಡ. ಗೊತ್ತಾದ ಮೇಲೂ ಪುಸ್ತಕದಲ್ಲಿ ಅವರ ಕೈಯಲ್ಲೇ ಬರೆಸಿ.

ಮಾಂಸದ ಊಟ ಶುರು ಮಾಡಲೇ ಅಂತಲೂ ಕೇಳಿದ್ದೀರಿ. ಒಂದೇ ಅಡುಗೆಮನೆಯಲ್ಲಿ ಎರಡೂ ಬೇಡ. ಇಲ್ಲಿ ಸಸ್ಯಾಹಾರಿ ಖಾನಾವಳಿ ಹುಡುಕಿಕೊಂಡು ಬರುವ ಮನೆಗಳು ಬಹಳ. ಮಾಂಸ ತಿನ್ನುವವರು ಕೂಡ ಶ್ರಾವಣದಲ್ಲಿ, ಸೋಮವಾರ, ಅಮಾವಾಸ್ಯೆಗೆ ಬಿಡುತ್ತಾರೆ. ಮಾಡಲೇಬೇಕೆಂದರೆ ಬೇರೆ ಜಾಗ, ಬೇರೆ ಪಾತ್ರೆ, ಬೇರೆ ಬೋರ್ಡ್.

ಊರಿನ ರುಚಿಯನ್ನು ಪೂರ್ತಿ ಬಿಡಿ ಅಂತ ನಾನು ಹೇಳುತ್ತಿಲ್ಲ. ಒಂದೋ ಎರಡೋ ಇಟ್ಟುಕೊಳ್ಳಿ, ಅದನ್ನು ಬಹಳ ಚೆನ್ನಾಗಿ ಮಾಡಿ. ನಮ್ಮಲ್ಲಿ ಸಂಜೆ ನೀರ್ ದೋಸೆ ಇದೆ. ಹಳೆ ಸೋನಾಮಸೂರಿಯಲ್ಲೇ ಮಾಡುತ್ತೇವೆ, ಜೊತೆಗೆ ಕಾಯಿ ಬೆಲ್ಲ ಅಲ್ಲ, ಖಾರದ ಶೇಂಗಾ ಚಟ್ನಿ. ಕ್ಯಾಂಪಿನವರೂ, ಕಾಲೇಜು ಹುಡುಗರೂ ಅದಕ್ಕೇ ಅಂತ ಬರುತ್ತಾರೆ. ಗೋಳಿಬಜೆಯೂ ನಡೆಯುತ್ತದೆ, ಹಸಿಮೆಣಸಿನಕಾಯಿ ಜಾಸ್ತಿ ಹಾಕಿದರೆ.

ಮನೆಯವರ ಮಾತು. ಇದು ವ್ಯಾಪಾರಕ್ಕಿಂತ ದೊಡ್ಡದು. ಕುಚ್ಚಲಕ್ಕಿ, ಪುನರ್ಪುಳಿ, ಕೊಬ್ಬರಿ ಎಣ್ಣೆ ಊರಿಂದ ಬಸ್ಸಿಗೆ ಹಾಕಿಸಿಕೊಳ್ಳಿ, ಮನೆಯಲ್ಲಿ ನಮ್ಮ ಗಂಜಿ ಇರಲಿ. ಸಮುದ್ರದ ಮೀನು ಇಲ್ಲಿಗೆ ಬರುವಷ್ಟರಲ್ಲಿ ಐಸಿನಲ್ಲಿ ಸಪ್ಪೆಯಾಗಿರುತ್ತದೆ. ಅದಕ್ಕೆ ಹಂಬಲಿಸುವ ಬದಲು ಹೊಳೆ ಮೀನು ತಿನ್ನುವುದನ್ನು ರೂಢಿ ಮಾಡಿಕೊಳ್ಳಿ. ಕಾಟ್ಲಾ, ರೋಹು ತಾಜಾ ಸಿಗುತ್ತದೆ. ಬಂಗಾಳಿ ಕ್ಯಾಂಪಿನವರು ಎಲ್ಲಿ ಕೊಳ್ಳುತ್ತಾರೋ ಅಲ್ಲೇ ಕೊಳ್ಳಿ, ಅವರಷ್ಟು ಮೀನು ನೋಡಿ ಆರಿಸುವವರು ಇಲ್ಲಿ ಇನ್ನಾರೂ ಇಲ್ಲ. ಕಾಯಿ ಹಾಕದೆ ಹುಣಸೆಹಣ್ಣು, ಬಳ್ಳೊಳ್ಳಿ, ಮೆಂತ್ಯದಲ್ಲಿ ಗಟ್ಟಿ ಸಾರು ಮಾಡಿದರೆ ಮುಳ್ಳಿನ ಕಿರಿಕಿರಿಯೂ ಮರೆತುಹೋಗುತ್ತದೆ.

ಅಕ್ಕಪಕ್ಕದವರು ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ (ಭೂತಾಯಿಯ ಎಡೆ) ಚೆಲ್ಲಲು ಕರೆದರೆ ಹೋಟೆಲ್ ಒಂದು ಹೊತ್ತು ಮುಚ್ಚಿ ಹೆಂಡತಿ ಮಕ್ಕಳ ಜೊತೆ ಹೋಗಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡುಬು, ಅಗಸಿ ಚಟ್ನಿ, ಎಲ್ಲ ಬುತ್ತಿ ಬಿಚ್ಚಿ ಹೊಲದಲ್ಲೇ ಕೂತು ಉಣ್ಣುತ್ತಾರೆ. ಬೇಡ ಅಂದರೂ ಬಡಿಸುತ್ತಾರೆ. ಅಲ್ಲಿ ಯಾವ ಅವ್ವನ ಕೈ ಚಟ್ನಿ ನಿಮ್ಮ ಮನೆಯವರಿಗೆ ಹಿಡಿಸಿತೋ ನೋಡಿ. ಚಟ್ನಿ ಪುಡಿಯನ್ನು ಅವರಿಂದಲೇ ಮಾಡಿಸಿ, ಹೋಟೆಲಿಗೂ ತರಿಸಿ. ನನಗೆ ಒಳ್ಳೆಯ ಗುರೆಳ್ಳು ಚಟ್ನಿ ಸಿಕ್ಕಿದ್ದು ಹಾಗೆಯೇ. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು ಕುಟ್ಟಬೇಕು, ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಗಂಟಾಗುತ್ತದೆ. ಒಂದು ಸಲಕ್ಕೆ ವಾರಕ್ಕಾಗುವಷ್ಟು ಮಾತ್ರ ಕುಟ್ಟಿಸಿ.

ರೊಟ್ಟಿ ಅಕ್ಕ ಸಿಗದಿದ್ದರೆ ಇಲ್ಲೇ ಬರೆಯಿರಿ. ನಮ್ಮ ಹೋಟೆಲಿನ ರೊಟ್ಟಿ ಅಕ್ಕನ ತವರು ಸಿಂಧನೂರು ಕಡೆಯೇ, ಅವರಿಂದ ಕೇಳಿಸಿ ನೋಡುತ್ತೇನೆ.