ದೊರೆಗಳು ತಂಗಿದ ಊರಲ್ಲಿ ಹೊರೆ ಹೊತ್ತವರು ಯಾರು?

ಹೋದ ಸಂಚಿಕೆಯಲ್ಲಿ ಜಪಾನಿನ ತ್ಸುಮಾಗೊ ಎಂಬ ಹಳ್ಳಿಯ ಹಳೆಯ ತಂಗುಮನೆಗಳ ಬಗ್ಗೆ ಒಂದು ಪುಟದ ಚಿತ್ರಬರಹ ಹಾಕಿದ್ದೆವು. ಅದನ್ನು ಓದಿ ಸಾಗರದ ಓದುಗರೊಬ್ಬರು ಬರೆದಿದ್ದಾರೆ: "ಫೋಟೊಗಳು ಚೆನ್ನಾಗಿವೆ. ಆದರೆ ದೊರೆಗಳು ಉಳಿದ ಮನೆಯ ವರ್ಣನೆಯೇ ತುಂಬಿದೆ. ಆ ಊರಿನ ಜನ ಎಲ್ಲಿ? ಪ್ರವಾಸಿಗರಿಗಾಗಿ ಸಿಂಗರಿಸಿಟ್ಟ ಬೀದಿಯನ್ನು ಇತಿಹಾಸ ಅನ್ನಬಹುದೇ?"

ನಿಮ್ಮ ಮೊದಲ ಪ್ರಶ್ನೆ ತುಂಬಾ ಸರಿಯಾದದ್ದು. ಎರಡನೆಯದನ್ನು ಮಾತ್ರ ನಾನು ಒಪ್ಪುವುದಿಲ್ಲ. ಏಕೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಎದೊ, ಅಂದರೆ ಇಂದಿನ ಟೋಕಿಯೊದಿಂದ ಕ್ಯೋಟೊಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ದಾರಿ ನಕಾಸೆಂದೊ. ಉದ್ದ ಸುಮಾರು 530 ಕಿಲೋಮೀಟರ್. ದಾರಿಯುದ್ದಕ್ಕೂ 69 ಠಾಣೆ ಊರುಗಳು, ಅಂದರೆ ಪ್ರಯಾಣಿಕರು ತಂಗುವ, ಆಳು-ಕುದುರೆ ಬದಲಿಸುವ ಊರುಗಳು. ಎದೊ ಕಡೆಯಿಂದ ಎಣಿಸಿದರೆ 42ನೆಯದು ತ್ಸುಮಾಗೊ. ಅದು ಇರುವುದು ಕಿಸೊ ಕಣಿವೆಯಲ್ಲಿ. ಸುತ್ತಲೂ ಕಡಿದಾದ ಗುಡ್ಡ, ಗದ್ದೆಗೆ ಜಾಗವೇ ಕಡಿಮೆ. ಹಾಗಾಗಿ ಊರಿನವರ ಹೊಟ್ಟೆಪಾಡು ದಾರಿಹೋಕರ ಮೇಲೆಯೇ ನಿಂತಿತ್ತು. 1843ರ ಸರ್ಕಾರಿ ಲೆಕ್ಕದ ಪ್ರಕಾರ ಠಾಣೆಯಲ್ಲಿ 83 ಮನೆ, 418 ಜನ. ಆ 83ರಲ್ಲಿ 31 ಮನೆಗಳು ಊಟ ಹಾಕಿ ಮಲಗಲು ಜಾಗ ಕೊಡುವ ಸಾಮಾನ್ಯರ ತಂಗುಮನೆಗಳು, ಅವರ ಮಾತಿನಲ್ಲಿ ಹತಾಗೊ. ದೊರೆಗಳಿಗೆ, ದೊಡ್ಡ ಅಧಿಕಾರಿಗಳಿಗೆ ಹೊಂಜಿನ್ ಎಂಬ ಒಂದೇ ಮನೆ. ಅದು ಭರ್ತಿಯಾದರೆ ವಾಕಿ-ಹೊಂಜಿನ್ ಎಂಬ ಇನ್ನೊಂದು. ತೀರಾ ಬಡವರಿಗೆ ಇಂಥ ದಾರಿಗಳಲ್ಲಿ ಬೇರೆ ಥರದ ಮನೆಗಳೂ ಇರುತ್ತಿದ್ದವು. ಅಲ್ಲಿ ಸೌದೆಗೆ ಮಾತ್ರ ದುಡ್ಡು. ಗಂಟಿನಲ್ಲಿ ತಂದ ಅಕ್ಕಿಯನ್ನು ಪ್ರಯಾಣಿಕರೇ ಬೇಯಿಸಿಕೊಳ್ಳಬೇಕು.

ಈಗ ನೀವು ಕೇಳಿದ ಜನರ ವಿಷಯ. 1635ರಿಂದ ದೊರೆಗಳು ಒಂದು ವರ್ಷ ಎದೊದಲ್ಲಿ, ಇನ್ನೊಂದು ವರ್ಷ ತಮ್ಮ ಸೀಮೆಯಲ್ಲಿ ಇರಬೇಕೆಂದು ಶೋಗನ್, ಅಂದರೆ ಆಗ ದೇಶವನ್ನು ಆಳುತ್ತಿದ್ದ ಸೇನಾಧಿಪತಿಯ ಆಳ್ವಿಕೆ ಕಟ್ಟುಮಾಡಿತು. ಪರಿವಾರ ಸಮೇತ ಅವರ ಓಡಾಟ ಶುರುವಾಯಿತು. ಅವರ ಸಾಮಾನನ್ನು ಒಂದು ಠಾಣೆಯಿಂದ ಮುಂದಿನ ಠಾಣೆಗೆ ಮುಟ್ಟಿಸುವುದು ಊರಿನ ಕೆಲಸ. ಕಿಸೊ ಕಣಿವೆಯ ಪ್ರತಿ ಠಾಣೆಯೂ 25 ಆಳು, 25 ಕುದುರೆ ಸದಾ ಸಿದ್ಧವಾಗಿಡಬೇಕಿತ್ತು. ಬರೀ 83 ಮನೆಗಳ ಊರಿಗೆ ಇದು ಸಣ್ಣ ಮಾತಲ್ಲ. ದೊಡ್ಡ ಮೆರವಣಿಗೆ ಬಂದರೆ ಅದೂ ಸಾಲದು. ಆಗ ಸುತ್ತಲಿನ ಹಳ್ಳಿಗಳಿಗೆ ಕರೆ ಹೋಗುತ್ತಿತ್ತು. ನಾಟಿ ಇರಲಿ, ಕೊಯ್ಲು ಇರಲಿ, ಆಳು-ಕುದುರೆ ಕಳಿಸಲೇಬೇಕು. ಕೂಲಿ ಬಹಳ ಕಡಿಮೆ.

ಜನ ಸುಮ್ನೆ ಸಹಿಸಿಕೊಂಡು ಕೂತಿರಲಿಲ್ಲ. 1764ರ ಕೊನೆಯಲ್ಲಿ ಇದೇ ದಾರಿಯ ಎದೊ ಕಡೆಯ ಹಳ್ಳಿಗಳ ಮೇಲೆ ಈ ಹೊರೆಯನ್ನು ಇನ್ನೂ ಹೆಚ್ಚಿಸಲು ಹೊರಟಾಗ ರೈತರು ದಂಗೆ ಎದ್ದರು. ಸುಮಾರು 2 ಲಕ್ಷ ಜನ ಸೇರಿದರೆಂದು ಹೇಳುತ್ತಾರೆ. ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ತಂಗುಮನೆಯ ಚರಿತ್ರೆ ಅಂದರೆ ನನಗೆ ಮೊದಲು ನೆನಪಾಗುವುದು ಈ ರೈತರೇ. ಹೊಂಜಿನ್‌ನ ಚಾಪೆಯ ಮೇಲೆ ದೊರೆ ನೆಮ್ಮದಿಯಾಗಿ ಮಲಗಬೇಕಾದರೆ ಯಾರದೋ ಗದ್ದೆಯ ಕೆಲಸ ಆ ದಿನ ನಿಲ್ಲಬೇಕಿತ್ತು.

ಕಾಡಿನ ಕಥೆಯೂ ಹೀಗೆಯೇ. ಕಿಸೊ ಕಣಿವೆಯ ಹಿನೋಕಿ ಎಂಬ ಸೈಪ್ರೆಸ್ ಜಾತಿಯ ಮರ ಬಹಳ ಹೆಸರಾದದ್ದು. ಆದರೆ ಅದೂ ಸೇರಿ ಐದು ಜಾತಿಯ ಮರಗಳನ್ನು ಊರಿನವರು ಮುಟ್ಟುವಂತಿರಲಿಲ್ಲ. ಒಂದು ಮರಕ್ಕೆ ಒಂದು ತಲೆ ಎಂಬ ಮಾತೇ ಇತ್ತು. ಶೋಗನ್ ಆಳ್ವಿಕೆ ಮುಗಿದು ಚಕ್ರವರ್ತಿಯ ಆಳ್ವಿಕೆ ಬಂದ ಮೇಜಿ ಕಾಲದಲ್ಲಿ (1868–1912) ಕಟ್ಟು ಸಡಿಲವಾದ ಮೇಲೆ, 1877ರಲ್ಲಿ, ವಾಕಿ-ಹೊಂಜಿನ್ ಮನೆತನದವರು ತಮ್ಮ ಮನೆಯನ್ನು ಹಿನೋಕಿಯಲ್ಲೇ ಹೊಸದಾಗಿ ಕಟ್ಟಿಸಿದರು. ಕಣ್ಣೆದುರೇ ಬೆಳೆದ ಮರವನ್ನು ತಲೆಮಾರುಗಟ್ಟಲೆ ಬರೀ ನೋಡುತ್ತಾ ಬಂದವರು ಅವರು. ಆ ತೊಲೆಗಳಲ್ಲಿ ನನಗೆ ಸಿರಿವಂತಿಕೆಗಿಂತ ಜಾಸ್ತಿ ಕಾಣುವುದು ಆ ಕಾಯುವಿಕೆ.

ಅಷ್ಟರಲ್ಲಾಗಲೇ ಠಾಣೆಗಳ ವ್ಯವಸ್ಥೆಯೇ ರದ್ದಾಗಿತ್ತು. 1911ರಲ್ಲಿ ಚೂಓ ರೈಲು ಮಾರ್ಗ ಪೂರ್ತಿಯಾಯಿತು, ರೈಲು ಊರನ್ನು ಬಿಟ್ಟು ಹೋಯಿತು. ನಡೆದು ಬರುವವರಿಲ್ಲ, ವ್ಯಾಪಾರವಿಲ್ಲ. ಯುವಕರು ಪಟ್ಟಣ ಸೇರಿದರು. ಮನೆಗಳು ಹಾಗೇ ಉಳಿದದ್ದಕ್ಕೆ ಒಂದು ಕಾರಣ ಬಡತನವೇ. ಕೆಡವಿ ಹೊಸದು ಕಟ್ಟಲು ದುಡ್ಡಿರಲಿಲ್ಲ.

ಇಲ್ಲಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. 1968ರಲ್ಲಿ ಊರಿನವರು ಸಂಘ ಕಟ್ಟಿಕೊಂಡು ಮನೆಗಳ ದುರಸ್ತಿಗೆ ಕೈಹಾಕಿದರು. ಪ್ರವಾಸಿಗರು ಬರಲಿ ಎಂಬ ಆಸೆ ಅವರಿಗೆ ಇದ್ದೇ ಇತ್ತು. ಅದರಲ್ಲಿ ತಪ್ಪೇನು? ಮೊದಲಿನಿಂದಲೂ ಊರು ಬದುಕಿದ್ದು ಬಂದುಹೋಗುವವರಿಂದಲೇ ಅಲ್ವಾ? ಜನ ಬರತೊಡಗಿದ ಮೇಲೆ ಹೊರಗಿನ ದುಡ್ಡು ಊರನ್ನು ಕೊಂಡುಬಿಡುವ ಅಪಾಯ ಬಂತು. ಆಗ, 1971ರಲ್ಲಿ, ಅವರೇ ಮೂರು ಮಾತಿನ ಒಪ್ಪಂದ ಮಾಡಿಕೊಂಡರು: ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು. ಸರ್ಕಾರದ ಕಾನೂನು ಬಂದದ್ದು ಆಮೇಲೆ. 1976ರಲ್ಲಿ ಕಾಪಾಡಬೇಕಾದ ಪ್ರದೇಶಗಳ ಮೊದಲ ಪಟ್ಟಿಯಲ್ಲೇ ತ್ಸುಮಾಗೊ ಸೇರಿತು. ತನ್ನ ಮನೆಗೆ ಒಳ್ಳೆಯ ಬೆಲೆ ಬರುವ ಹೊತ್ತಿನಲ್ಲೇ ಮಾರುವುದಿಲ್ಲ ಅಂತ ಮಾತು ಕೊಡುವುದು ಸುಲಭವಲ್ಲ. ಹಿಂದೆ ಹೊರೆಯನ್ನು ಮೇಲಿನವರು ಹೇರಿದ್ದರು, ಇದನ್ನು ಊರಿನವರೇ ಹೊತ್ತುಕೊಂಡರು. ಇಂಥ ಬೀದಿಯನ್ನು ಬರೀ ಸಿಂಗಾರ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಸಿಂಗಾರ ಸ್ವಲ್ಪವೂ ಇಲ್ಲ ಅಂತಲ್ಲ. ಇಂದು ಅಲ್ಲಿ ಕಾಣುವ ಹೊಂಜಿನ್ 1995ರಲ್ಲಿ ಹೊಸದಾಗಿ ಕಟ್ಟಿದ್ದು, ಹಳೆಯದು ಮೇಜಿ ಕಾಲದಲ್ಲೇ ಹೋಗಿತ್ತು. ವಿದ್ಯುತ್ ತಂತಿಗಳನ್ನೂ ಬೀದಿಯಿಂದ ಮರೆಮಾಡಿದ್ದಾರೆ. ಆದರೆ 1877ರ ಹಿನೋಕಿ ಮನೆ ನಿಜವಾದದ್ದು, ಈಗ ವಸ್ತುಸಂಗ್ರಹಾಲಯವಾಗಿದೆ. ಮುಂದೆ ಎಂದಾದರೂ ಹೋದರೆ ಮೊದಲು ಅದನ್ನು ನೋಡಿ. ಆಮೇಲೆ ಪಕ್ಕದ ಠಾಣೆಯಾದ ಮಾಗೊಮೆ ಕಡೆಗೆ ಹಳೆಯ ದಾರಿಯಲ್ಲೇ ನಡೆಯಿರಿ, ಸುಮಾರು 8 ಕಿಲೋಮೀಟರ್. ನಡುದಾರಿಯಲ್ಲಿ ಒಂದು ಹಳೆಯ ಚಹಾಮನೆ ಇದೆ. ನಡೆದು ಬಂದವರಿಗೆ ಅಲ್ಲಿ ಈಗಲೂ ದುಡ್ಡಿಲ್ಲದೆ ಚಹಾ ಕೊಡುತ್ತಾರೆ.

– ಸಂಪಾದಕ